ಪಟ್ಟಿಯ ಮೇಲಿನ ಗೀಟು

ಲಿಖಿತಳ ಕಾಲು ಸುಟ್ಟಿದ್ದು ಸೋಮವಾರ. ಮನೆಯಲ್ಲಿ ಒಗ್ಗರಣೆ ನಿಂತಿದ್ದು ಗುರುವಾರ.

ಸುಟ್ಟಿದ್ದು ಅಪ್ಪ ಗಿರಿಯ ಬೈಕಿನ ಸೈಲೆನ್ಸರ್ ತಾಕಿ. ಗಿರಿ ದಿನವೂ ಬೆಂಗಳೂರಿನ ಕಡೆಯ ಒಂದು ಗೋದಾಮಿಗೆ ಟ್ರೈನಿನಲ್ಲಿ ಹೋಗಿ, ಸಂಜೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಟ್ಟ ಬೈಕಿನಲ್ಲಿ ಊರಿಗೆ ಬರುತ್ತಿದ್ದ. ಅಪ್ಪ ಬಂದ ಕೂಡಲೇ ಮಗಳಿಗೆ ಹಾಲಿನ ಡೈರಿಯವರೆಗೆ ಒಂದು ಸುತ್ತು ಆಗಬೇಕು. ಆ ದಿನ ಸುತ್ತು ಮುಗಿಸಿ ಬಂದವಳು ಎಡಗಡೆ ಇಳಿಯುವ ಬದಲು ಬಲಗಡೆ ಇಳಿದಳು. ಮೀನಖಂಡದ ಮೇಲೆ ಐದು ರೂಪಾಯಿ ನಾಣ್ಯದಷ್ಟು ಬೊಬ್ಬೆ ಎದ್ದಿತು. ಅಜ್ಜಿ ಅನಸೂಯಮ್ಮ ಹಲ್ಲುಜ್ಜುವ ಪೇಸ್ಟು ಹಚ್ಚಿದಳು. ಬುಧವಾರ ಸ್ಕೂಲಿನಲ್ಲಿ ಖೊಖೊ ಆಡುವಾಗ ಬೊಬ್ಬೆ ಒಡೆಯಿತು. ಗುರುವಾರ ಬೆಳಿಗ್ಗೆ ಅದರ ಅಂಚು ಕೆಂಪೇರಿ, ನಡುವೆ ಹಳದಿ ಕೀವು ಕೂತಿತ್ತು.

"ನಂಜಾಗೈತೆ," ಎಂದಳು ಅನಸೂಯಮ್ಮ.

ಅವಳ ಬಾಯಿಂದ ಆ ಮಾತು ಬಂತೆಂದರೆ ಆ ಮನೆಯ ಅಡುಗೆಯೇ ಬದಲಾಗುತ್ತಿತ್ತು. ಬದನೆಕಾಯಿ ಇಲ್ಲ, ಕುಂಬಳಕಾಯಿ ಇಲ್ಲ, ಒಣಮೀನು ಇಲ್ಲ, ಅವರೆಕಾಯಿ ಇಲ್ಲ. ಎಲ್ಲಕ್ಕಿಂತ ಮೊದಲು ಒಗ್ಗರಣೆ ಇಲ್ಲ. ಕಾದ ಎಣ್ಣೆಗೆ ಸಾಸಿವೆ, ಒಣಮೆಣಸಿನಕಾಯಿ ಬಿದ್ದಾಗ ಏಳುವ ಘಾಟು ಗಾಯ ಆದವರ ಮೂಗಿಗೆ ಹೋದರೆ ಗಾಯ ಬಾಯಿ ಬಿಡುತ್ತದೆ ಎಂದು ಅವಳ ಅತ್ತೆ ಅವಳಿಗೆ ಹೇಳಿದ್ದಳು. ಅವಳು ಅದನ್ನು ಮೂವತ್ತೆರಡು ವರ್ಷ ತಪ್ಪದೆ ನಡೆಸಿಕೊಂಡು ಬಂದಿದ್ದಳು. ಹಾಗಾಗಿ ಗುರುವಾರದಿಂದ ಮನೆಯಲ್ಲಿ ಎರಡು ಹೊತ್ತೂ ಉಪ್ಪುಸಾರು. ಸಂಕ್ರಾಂತಿ ಕಳೆದು ಹತ್ತು ದಿನವಾಗಿತ್ತು. ಹೊಲದಿಂದ ಬಂದ ಅವರೆಕಾಯಿಯ ಮೂಟೆ ನಡುಮನೆಯ ಮೂಲೆಯಲ್ಲಿ ಬಾಯಿ ಕಟ್ಟಿಸಿಕೊಂಡು ಕೂತಿತ್ತು.

ಭಾನುವಾರ ಮಧ್ಯಾಹ್ನ ಎಲ್ಲರೂ ಮನೆಯಲ್ಲಿದ್ದರು. ಗಿರಿಯ ಅಪ್ಪ ಮುನಿನಾರಾಯಣಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿ, ನುಂಗಿ, ತಟ್ಟೆಯನ್ನೇ ನೋಡುತ್ತ ಹೇಳಿದ:

"ಇದು ಮೂರನೇ ದಿನ."

"ನಾಕನೇದು," ಎಂದಳು ಅನಸೂಯಮ್ಮ.

"ಅವರೆಕಾಯಿ ಕಾಲ ವರ್ಸಕ್ಕೆ ಎರಡು ತಿಂಗಳು. ಇತಕಿದ ಬೇಳೆ ಸಾರು ಯಾವಾಗ ಮಾಡ್ತೀಯ, ಯುಗಾದಿಗಾ? ಆ ಮಗೀನ ಎಲ್ಲಾದ್ರೂ ತೋರ್ಸಿ ಬೇಗ ವಾಸಿ ಮಾಡ್ಸಿ."

"ನಿನಗೆ ಮಗೀನ ಕಾಲಿನ ಚಿಂತೆನೋ ಸಾರಿನ ಚಿಂತೆನೋ?"

"ಈಗ ಎರಡೂ ಒಂದೇ ಆಗೋಗೈತಲ್ಲ."

ಲಿಖಿತ ಕಾಲು ಚಾಚಿ ಕೂತು ಮುದ್ದೆಯನ್ನು ಗೋಲಿ ಮಾಡುತ್ತಿದ್ದಳು. ಅವಳಿಗೆ ಏಳು ವರ್ಷ. ನಾಲ್ಕು ಜನ ತನ್ನ ಕಾಲಿನ ಬಗ್ಗೆಯೇ ಮಾತಾಡುವುದು ಅವಳಿಗೆ ಹಿತವಾಗಿತ್ತು.

"ಬಂಗಾರಪೇಟೆ ಸ್ಟೇಷನ್ ರೋಡಿನ ಡಾಕ್ಟ್ರ ತಾವ ಕರ್ಕೊಂಡೋಗು ಗಿರಿ," ಎಂದ ಮುನಿನಾರಾಯಣಪ್ಪ. "ಒಂದು ಸೂಜಿ ಆಕ್ತಾರೆ, ಮುಗೀತು. ನನಗೆ ಜ್ವರ ಬಂದಾಗ ಸೂಜಿ ಆಕ್ಸ್ಕೊಂಡು ಬಾಗಿಲು ದಾಟೋದ್ರೊಳಗೆ ಬೆವರು ಬಂತು."

"ಬೆವರು ಬಂದಿದ್ದು ಅವ್ರು ಕೇಳಿದ ಫೀಸಿಗೆ ಕಣಪ್ಪ," ಎಂದ ಗಿರಿ.

"ಸೂಜಿನೂ ಬೇಡ ದಾರಾನೂ ಬೇಡ," ಎಂದಳು ಅನಸೂಯಮ್ಮ. "ಅಮ್ಮಾಜಮ್ಮನ ತಾವ ಸೊಪ್ಪು ಕಟ್ಟಿಸ್ತೀನಿ. ಗಿರಿ ಮೊಣಕಾಲು ಕುಡುಗೋಲು ತಾಕಿ ಬಿರಿದಾಗ ಒಂಬತ್ತೇ ದಿನಕ್ಕೆ ಒಣಗಿಸಿದ್ದು ಅವಳೇ."

"ಅದಿನೇಳು ದಿನ," ಎಂದ ಮುನಿನಾರಾಯಣಪ್ಪ. "ಅಷ್ಟು ದಿನಾನೂ ಉಪ್ಪುಸಾರೇ ತಿಂದಿದ್ದೆ. ಲೆಕ್ಕ ನನಗೆ ಗೊತ್ತು."

ಸೊಸೆ ಸುಮಿತಾ ಅಷ್ಟೊತ್ತು ಬಡಿಸುತ್ತಿದ್ದವಳು ಸೌಟು ಪಾತ್ರೆಯಲ್ಲಿಟ್ಟಳು.

"ಊರಿಗಾಂಗೆ ಕರ್ಕೊಂಡು ಹೋಗ್ತೀನಿ ಅತ್ತೆ. ನಮ್ಮಪ್ಪನ ಮನೆ ಪಕ್ಕ ಪೆರುಮಾಳ್ ಮಾಮ ಇದ್ದಾರೆ. ಗಣಿ ಆಸ್ಪತ್ರೆಲಿ ಮೂವತ್ತು ವರ್ಷ ಡ್ರೆಸ್ಸರ್ ಆಗಿದ್ರು. ಒಳಗೆ ಬಂಡೆ ಬಿದ್ದು ಜಜ್ಜಿದ ಕೈಕಾಲೆಲ್ಲ ಅವರೇ ತೊಳೆದು ಕಟ್ಟಿ ವಾಸಿ ಮಾಡಿದಾರೆ."

"ಆ ಆಸ್ಪತ್ರೆ ಮುಚ್ಚಿ ಎಷ್ಟು ಕಾಲ ಆಯ್ತು?"

"ಆಸ್ಪತ್ರೆ ಮುಚ್ಚಿರ್ಬೋದು. ಅವರಿಗೆ ಗೊತ್ತಿರೋದು ಗೊತ್ತೇ ಇದೆಯಲ್ಲ."

"ಮಗೀಗೆ ನೆಗಡಿ ಬಂದ್ರೂ ಊರಿಗಾಂ, ಕೆಮ್ಮು ಬಂದ್ರೂ ಊರಿಗಾಂ. ಇಲ್ಲಿರೋರಿಗೇನು ಕೈಯಿಲ್ವಾ?"

ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಸುಮಿತಾ ಹುಟ್ಟಿ ಬೆಳೆದಿದ್ದು ಚಿನ್ನದ ಗಣಿಯ ಊರಾದ ಊರಿಗಾಂನಲ್ಲಿ, ಗಣಿ ಕಾರ್ಮಿಕರ ಲೈನಿನ ಮನೆಯಲ್ಲಿ. ಅಲ್ಲಿ ಮನೆಯೊಳಗೆ ತಮಿಳು, ಸ್ಕೂಲಿನಲ್ಲಿ ಕನ್ನಡ. ಇಲ್ಲಿಗೆ ಬಂದ ಮೇಲೆ ಹಸುವಿನ ಕೆಚ್ಚಲು ತೊಳೆಯುವುದರಿಂದ ಹಿಡಿದು ಮುದ್ದೆ ತಿರುವುವುದರವರೆಗೆ ಎಲ್ಲ ಕಲಿತಳು. ಈಗ ಬೆಳಿಗ್ಗೆ ಏಳೂವರೆಯ ವ್ಯಾನಿನಲ್ಲಿ ಗಾರ್ಮೆಂಟ್ಸಿಗೆ ಹೋಗಿ ಕಾಲರ್ ಹೊಲಿಯುತ್ತಾಳೆ. ಮಗಳ ಹೆಸರು ಇಟ್ಟಿದ್ದು ಅತ್ತೆ. ಮಗಳ ತಲೆ ಬೋಳಿಸಲು ಯಾವ ದೇವರು ಎಂದು ಗೊತ್ತುಮಾಡಿದ್ದು ಅತ್ತೆ. ಯಾವ ಸ್ಕೂಲು ಎಂದು ಹೇಳಿದ್ದೂ ಅತ್ತೆ. ಮಗಳ ಮೈಮೇಲಿನ ಈ ಒಂದು ಗಾಯದ ವಿಷಯದಲ್ಲಾದರೂ ತನ್ನ ಮಾತು ನಡೆಯಬೇಕು ಎಂದು ಅವಳು ಗುರುವಾರವೇ ಗಂಡನಿಗೆ ಹೇಳಿದ್ದಳು.

ಈಗ ಎಲ್ಲರೂ ಅವನ ಮುಖ ನೋಡಿದರು. ಗಿರಿ ನೀರು ಕುಡಿದ.

"ಒಂದು ವಾರ ಅಮ್ಮ ಹೇಳಿದಂಗೆ ನೋಡೋಣ. ವಾಸಿ ಆಗದಿದ್ರೆ ಮುಂದಿನ ಭಾನುವಾರ ಸುಮಿತಾ ಹೇಳಿದ ಕಡೆ."

"ನಾನೇಳಿದ ಕಡೆ?" ಎಂದ ಮುನಿನಾರಾಯಣಪ್ಪ.

"ಅದು ಅದರ ಮುಂದಿನ ವಾರ ಕಣಪ್ಪ."

"ಅಷ್ಟೊತ್ತಿಗೆ ಅವರೆಕಾಯಿ ಒಣಗಿ ಬಿತ್ತನೆಗೆ ಆಗ್ತದೆ."

ಸೋಮವಾರ ಅನಸೂಯಮ್ಮ ಮೊಮ್ಮಗಳನ್ನು ಪಕ್ಕದೂರಿನ ಅಮ್ಮಾಜಮ್ಮನ ಮನೆಗೆ ಕರೆದುಕೊಂಡು ಹೋದಳು. ಅಮ್ಮಾಜಮ್ಮ ಯಾವುದೋ ಎಲೆಗಳನ್ನು ಅರಿಶಿನದ ಜೊತೆ ಅರೆದು ಗಾಯಕ್ಕೆ ಮೆತ್ತಿ, ಹಳೆಯ ಪಂಚೆಯ ಬಟ್ಟೆ ಸುತ್ತಿದಳು. ಯಾವ ಎಲೆ ಎಂದು ಅವಳು ಯಾರಿಗೂ ಹೇಳುವುದಿಲ್ಲ. "ಗುರುವಾರ ಬಾ, ಶನಿವಾರ ಬಾ. ನಡುವೆ ಬಿಚ್ಚಂಗಿಲ್ಲ," ಎಂದಳು. ದುಡ್ಡು ತೆಗೆದುಕೊಳ್ಳಲಿಲ್ಲ. ಎಲೆ ಅಡಿಕೆ ಕೊಟ್ಟರೆ ಸಾಕು.

ಮಂಗಳವಾರ ಬೆಳಿಗ್ಗೆ, ಅತ್ತೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುವಾಗ, ಸುಮಿತಾ ಮಗಳನ್ನು ಬಚ್ಚಲಮನೆಗೆ ಕರೆದು ಬಟ್ಟೆ ಬಿಚ್ಚಿದಳು. ಬಿಸಿನೀರಿಗೆ ಉಪ್ಪು ಹಾಕಿ ಗಾಯ ತೊಳೆದಳು. ಆಮೇಲೆ ಅದೇ ಸೊಪ್ಪನ್ನು ಇದ್ದ ಜಾಗದಲ್ಲೇ ಇಟ್ಟು, ಅದೇ ಬಟ್ಟೆಯನ್ನು ಇದ್ದ ಹಾಗೆಯೇ ಸುತ್ತಿದಳು. ಹೊಲಿಗೆಯ ಕೈ. ಗಂಟು ಕೂಡ ಇದ್ದಲ್ಲೇ ಬಂತು.

"ಅಜ್ಜಿಗೆ ಹೇಳ್ಬೇಡ ಕಣ್ಣಾ."

"ಇಲ್ಲಮ್ಮ."

ಅದೇ ದಿನ ನಾಲ್ಕೂವರೆಗೆ, ಅನಸೂಯಮ್ಮ ಹುಲ್ಲಿಗೆ ಹೋಗಿದ್ದಾಗ, ಮುನಿನಾರಾಯಣಪ್ಪ ಕೊಟ್ಟಿಗೆಯ ಗೂಡಿನಿಂದ ಒಂದು ಡಬ್ಬಿ ತೆಗೆದ. ಹೋದ ವರ್ಷ ಹಸುವಿನ ಗೊರಸಿನ ಮೇಲೆ ಗಾಯವಾದಾಗ ಪಶುವೈದ್ಯರು ಕೊಟ್ಟಿದ್ದ ಮುಲಾಮು. ಬೇವಿನೆಣ್ಣೆಯೂ ಡಾಂಬರೂ ಸೇರಿದಂಥ ವಾಸನೆ. "ಮೂವತ್ತು ಮಣ ತೂಗೋ ಅಸೂನೇ ವಾಸಿ ಆಯ್ತು, ನೀನೇನು ಇಷ್ಟೇ ಇಷ್ಟು ಇದೀಯ," ಎಂದು ಮೊಮ್ಮಗಳಿಗೆ ಹೇಳಿ, ಬಟ್ಟೆ ಸರಿಸಿ ಬೆರಳಿನಲ್ಲಿ ಹಚ್ಚಿದ. "ಅಜ್ಜಿಗೆ ಏಳ್ಬೇಡ," ಎಂದು ಒಂದು ಅಚ್ಚು ಬೆಲ್ಲ ಕೊಟ್ಟ.

ಸಂಜೆ ಡೈರಿಯ ಸುತ್ತಿಗೆ ಹೋದಾಗ ಗಿರಿ ಬೈಕು ನಿಲ್ಲಿಸಿದ. ಗೋದಾಮಿನಲ್ಲಿ ಜೊತೆಗೆ ಕೆಲಸ ಮಾಡುವವನೊಬ್ಬ ಹೇಳಿದ್ದನಂತೆ, ಅರ್ಧ ಕೆಂಪು ಅರ್ಧ ಕಪ್ಪು ಇರುವ ಕ್ಯಾಪ್ಸೂಲ್ ಬಿಚ್ಚಿ ಒಳಗಿನ ಪುಡಿ ಉದುರಿಸಿದರೆ ಯಾವ ಗಾಯವಾದರೂ ಎರಡು ದಿನಕ್ಕೆ ಒಣಗುತ್ತದೆ ಎಂದು. ಉದುರಿಸಿದ. ಯಾರಿಗೂ ಹೇಳಬಾರದೆಂದು ಒಂದು ಚಿಪ್ಸ್ ಪ್ಯಾಕೆಟ್ಟೂ ಕೊಡಿಸಿದ.

ಬುಧವಾರವೂ ಹೀಗೇ ನಡೆಯಿತು. ಗುರುವಾರ ಹೊಸ ಸೊಪ್ಪು ಬಂತು, ಶುಕ್ರವಾರ ಮತ್ತೆ ಮೂರು ಕೈ. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿಲ್ಲ. ಗೊತ್ತಿದ್ದುದು ಲಿಖಿತಳಿಗೆ ಮಾತ್ರ. ಅಜ್ಜಿ ಮಲಗುವಾಗ ಹೇಳುವ ಕಥೆಗಳಲ್ಲಿ ಮಾತು ತಪ್ಪಿದವರಿಗೆ ಒಳ್ಳೆಯದಾಗಿದ್ದೇ ಇಲ್ಲ. ಅವಳು ಮೂವರಿಗೂ ಕೊಟ್ಟ ಮಾತು ಉಳಿಸಿಕೊಂಡಳು.

ಶನಿವಾರ ಅಮ್ಮಾಜಮ್ಮ ಬಟ್ಟೆ ಬಿಚ್ಚಿದವಳು ಮೂಗು ಹತ್ತಿರ ತಂದಳು. ಇನ್ನೊಮ್ಮೆ ತಂದಳು. ಗಾಯ ಚಿಕ್ಕದಾಗಿರಲಿಲ್ಲ. ಅಂಚು ಮೆತ್ತಗೆ ಬೆಳ್ಳಗಾಗಿತ್ತು, ಕೀವಿನ ಮೇಲೆ ಗುಲಾಬಿ ಬಣ್ಣದ ಕೆನೆ ಕಟ್ಟಿತ್ತು.

"ಏನೇ ಅನಸೂಯಾ, ಗುರುವಾರಾನೇ ಅನುಮಾನ ಬಂದಿತ್ತು. ಇದು ನನ್ನ ಸೊಪ್ಪಿನ ವಾಸನೆ ಅಲ್ಲ. ದನದ ವಾಸನೆ."

"ಕೊಟ್ಟಿಗೆ ತಾವ ಆಡಿರ್ತಾಳೆ."

"ಮೂಗಿಲ್ದೆ ನಾನು ಸೊಪ್ಪು ಅರೀತಾ ಇಲ್ಲ. ನಿನ್ನ ಮನೇಲಿ ನಾಕು ಡಾಕ್ಟ್ರು ಇದಾರೆ. ಅವರ ತಾವಾನೇ ಕಟ್ಟಿಸ್ಕೊ. ನಾಳೆ ಇದು ಕೊಳೆತ್ರೆ ಊರೋರು ನನ್ನ ಎಸರು ಏಳ್ತಾರೆ."

ಸೊಪ್ಪು ಕಟ್ಟಲಿಲ್ಲ. ಎಲೆ ಅಡಿಕೆಯನ್ನೂ ವಾಪಸು ಕೊಟ್ಟಳು. ಅನಸೂಯಮ್ಮ ಎರಡು ಮೈಲಿ ದಾರಿ ಮೊಮ್ಮಗಳ ಕೈ ಹಿಡಿದು ನಡೆದು ಬಂದಳು.

ರಾತ್ರಿ ಊಟಕ್ಕೆ ಕೂತಾಗ ಅವಳು ತಟ್ಟೆಗಳಿಗೆ ಮುದ್ದೆ ಹಾಕಿದಳು, ಸಾರು ಬಿಡಲಿಲ್ಲ.

"ಯಾರು ಏನೇನು ಮಾಡಿದ್ರಿ, ಬಾಯಿ ಬಿಟ್ಟು ಏಳಿ. ಆಮೇಲೆ ಸಾರು."

ಮುನಿನಾರಾಯಣಪ್ಪ ಗೋಡೆ ನೋಡಿದ. ಗಿರಿ ಅಪ್ಪನನ್ನು ನೋಡಿದ.

"ದನದ ಮುಲಾಮು ಯಾರ ಕೈಲಿರ್ತದೆ ಅಂತ ನನಗೆ ಗೊತ್ತು. ಉಳಿದಿದ್ದು ಏಳಿ."

"ಸ್ವಲ್ಪ ಅಚ್ಚಿದೆ," ಎಂದ ಮುನಿನಾರಾಯಣಪ್ಪ. "ಅಸೂಗೆ ಅಚ್ಚೋದ್ರಲ್ಲಿ ಕಾಲು ಭಾಗ ಕೂಡ ಇಲ್ಲ."

"ನಾನು ಪುಡಿ," ಎಂದ ಗಿರಿ.

"ಯಾವ ಪುಡಿ?"

"ಕ್ಯಾಪ್ಸೂಲ್ ಪುಡಿ."

"ಲೇ, ನಿನ್ನ ಬೈಕಲ್ಲೇ ಸುಟ್ಟು ನೀನೇ ಪುಡಿ ಆಕ್ತೀಯೇನ್ಲಾ. ಉಪ್ಪು ಕಾರ ಯಾಕೆ ಬಿಟ್ಟೆ?"

ಮುನಿನಾರಾಯಣಪ್ಪನಿಗೆ ನಗು ಬಂತು. ಮುದ್ದೆ ಬಾಯಲ್ಲಿಟ್ಟುಕೊಂಡು ಅದನ್ನು ಅಡಗಿಸಿದ. ಅನಸೂಯಮ್ಮ ಸೊಸೆಯ ಕಡೆ ತಿರುಗಿದಳು.

"ನೀನು?"

"ಉಪ್ಪುನೀರಲ್ಲಿ ತೊಳೆದೆ ಅತ್ತೆ. ದಿನಾ ಬೆಳಿಗ್ಗೆ."

ಅನಸೂಯಮ್ಮ ಸೌಟು ಕೆಳಗಿಟ್ಟಳು. ಗಂಡನಿಗೂ ಮಗನಿಗೂ ಬೈದ ದನಿಯಲ್ಲಿ ಸೊಸೆಗೆ ಬೈಯಲು ಅವಳಿಗೆ ಆಗಲಿಲ್ಲ.

"ಅವರಿಬ್ರೂ ಅಂಗೆ. ಅವರಿಗೆ ಬುದ್ಧಿ ಇಲ್ಲ. ನೀನು ಗಂಟು ಕೂಡ ಅಂಗಂಗೇ ಆಕಿದ್ದೆಯಲ್ಲ. ನನಗೆ ಗೊತ್ತಾಗಬಾರ್ದು ಅಂತ."

"ಹೇಳಿದ್ರೆ ಬಿಡ್ತಿದ್ರಾ?"

"ಬಿಡ್ತಿರ್ಲಿಲ್ಲ."

ಅಷ್ಟೇ. ಸಾರು ಬಿಟ್ಟಳು. ಉಪ್ಪುಸಾರೇ.

ಭಾನುವಾರ ಬೆಳಿಗ್ಗೆ ಸುಮಿತಾ ಮಗಳನ್ನು ಕರೆದುಕೊಂಡು ಬಂಗಾರಪೇಟೆಯಿಂದ ಮಾರಿಕುಪ್ಪಂ ಪ್ಯಾಸೆಂಜರ್ ಹತ್ತಿದಳು. ಅತ್ತೆ ಬಾಗಿಲವರೆಗೆ ಬರಲಿಲ್ಲ. "ಓಗ್ಬೇಡ ಅನ್ನಲ್ಲ. ಓಗು ಅಂತಾನೂ ಅನ್ನಲ್ಲ," ಎಂದು ಒಳಗಿನಿಂದ ಹೇಳಿದಳು. ಗಣಿಯ ಸೈನೈಡ್ ಮಣ್ಣಿನ ದಿಬ್ಬಗಳು ಕಾಣುವವರೆಗೂ ಲಿಖಿತ ಕಿಟಕಿಗೆ ಮೂಗು ಒತ್ತಿಕೊಂಡಿದ್ದಳು.

ಸುಮಿತಾಳ ಅಪ್ಪ ಸೆಲ್ವರಾಜ್ ಒಂಟಿಯಾಗಿದ್ದ. ಗಣಿ ಮುಚ್ಚಿದ ಮೇಲೆ ಆಂಡರ್ಸನ್‌ಪೇಟೆಯಲ್ಲಿ ಸೈಕಲ್ ರಿಪೇರಿ ಮಾಡಿ, ಈಗ ಅದನ್ನೂ ಬಿಟ್ಟಿದ್ದ. ಮಗಳು ಮೊಮ್ಮಗಳನ್ನು ನೋಡಿದವನೇ "ವಾಮ್ಮಾ, ವಾ" ಎಂದು ಒಲೆ ಹಚ್ಚಿದ. ಎಣ್ಣೆಗೆ ಸಾಸಿವೆ ಬಿದ್ದು ಚಟಪಟ ಎಂದಿತು. ಸುಮಿತಾ ಮಗಳನ್ನು ಹತ್ತಿರ ಎಳೆದುಕೊಂಡು ಅವಳ ಮೂಗಿಗೆ ತನ್ನ ವೇಲು ಹಿಡಿದಳು.

ಸೆಲ್ವರಾಜ್ ತಿರುಗಿ ನೋಡಿ ನಕ್ಕ. "ಎನ್ನಮ್ಮಾ, ನೀನೂ ಅವರ ಕಡೆ ಸೇರಿಬಿಟ್ಟೆಯಾ?"

ಅವಳು ವೇಲು ಬಿಟ್ಟಳು. ಆದರೆ ಮಗಳನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿದಳು.

ಪೆರುಮಾಳ್ ಪಕ್ಕದ ಮನೆಯಿಂದ ಗೋಡೆ ಹಿಡಿದುಕೊಂಡು ಬಂದ. ಎಪ್ಪತ್ತೆಂಟು ವರ್ಷ. ಮೊದಲು ಸೋಪು ಕೇಳಿದ. ಮೊಣಕೈವರೆಗೆ ನಿಧಾನವಾಗಿ ತೊಳೆದ, ಉಗುರಿನ ಸಂದು ಉಜ್ಜಿದ, ಕೈ ಮೇಲೆತ್ತಿ ನೀರು ಇಳಿಸಿದ. ಆಮೇಲೆ ಕಟ್ಟೆಯ ಮೇಲೆ ಕೂತು ಗಾಯವನ್ನು ನೋಡಿದ. ಮುಟ್ಟಲಿಲ್ಲ. ಅವನ ಮಾತು ಅರ್ಧ ತಮಿಳು, ಅರ್ಧ ಕನ್ನಡ.

"ಏನೇನು ಹಾಕಿದ್ರಿ?"

ಸುಮಿತಾ ಹೇಳಿದಳು. ಪೇಸ್ಟು, ಸೊಪ್ಪು, ದನದ ಮುಲಾಮು, ಪುಡಿ.

"ನೀನೇನು ಮಾಡಿದೆ?"

"ಉಪ್ಪುನೀರಲ್ಲಿ ತೊಳೆದೆ ಮಾಮಾ. ಅಷ್ಟೇ."

"ತೊಳೆದು?"

"ಕಟ್ಟಿದೆ."

"ಏನು ಕಟ್ಟಿದೆ? ಹೊಸ ಬಟ್ಟೆನಾ?"

"ಇದ್ದಿದ್ದನ್ನೇ," ಎಂದಳು ಸುಮಿತಾ. ಪೆರುಮಾಳ್ ತಲೆಯಾಡಿಸಿದ.

"ಅದೇ ಸೊಪ್ಪು, ಅದೇ ಬಟ್ಟೆ. ಬಾಗಿಲು ಗುಡಿಸಿ ಕಸ ವಾಪಸ್ ಒಳಗೇ ಹಾಕಿದ ಹಾಗೆ. ಗಾಯ ಸಣ್ಣದು ಮ್ಮಾ. ಕೈ ಜಾಸ್ತಿ ಆಗಿದೆ. ಆಸ್ಪತ್ರೆಲಿ ನಮ್ಮದು ಒಂದೇ ರೂಲು, ಒಂದು ಗಾಯಕ್ಕೆ ಒಂದು ಕೈ. ಚೀಟಿ ಮೇಲೆ ಡ್ರೆಸ್ಸರ್ ಹೆಸರು ಬರೀತಿದ್ರು. ಪೆರುಮಾಳ್ ಅಂತ ಬರೆದಿದ್ರೆ ಪೆರುಮಾಳೇ ಬಿಚ್ಚಬೇಕು, ಪೆರುಮಾಳೇ ಕಟ್ಟಬೇಕು. ನನ್ನ ಮದುವೆ ದಿನ ಬೆಳಿಗ್ಗೆ ಹೋಗಿ ಮೂರು ಕಾಲು ಕಟ್ಟಿ ಬಂದು ತಾಳಿ ಕಟ್ಟಿದೆ. ದೊಡ್ಡ ಡಾಕ್ಟರು ಕೂಡ ನನ್ನ ಕೇಳಿ ಮುಟ್ಟೋರು."

"ಅದಕ್ಕೇ ನಿಮ್ಮ ಹತ್ರ ಬಂದಿದ್ದು ಮಾಮಾ. ನೀವೇ ಕಟ್ಟಿ."

ಅವನು ಎರಡೂ ಕೈ ಮುಂದೆ ಚಾಚಿದ. ಬೆರಳುಗಳು ನಡುಗುತ್ತಿದ್ದವು.

"ಇದರಲ್ಲಿ ಕಟ್ಟಲಾ? ಔಷಧಿ ಡಬ್ಬನೂ ನನ್ನಷ್ಟೇ ಹಳೇದು. ನಿಮ್ಮೂರಲ್ಲಿ ಗೌರ್ಮೆಂಟ್ ಆಸ್ಪತ್ರೆ ಇಲ್ವಾ?"

"ಇದೆ."

"ಎಷ್ಟು ದೂರ?"

"ಮನೆಯಿಂದ ಹತ್ತು ನಿಮಿಷ ನಡೆದ್ರೆ."

"ಮತ್ತೆ ಟ್ರೈನ್ ಹತ್ತಿ ಇಷ್ಟು ದೂರ ಯಾಕೆ ಬಂದೆ?"

ಸುಮಿತಾಳಿಗೆ ಊರಿನ ಆಸ್ಪತ್ರೆ ಕಣ್ಣ ಮುಂದೆ ಬಂತು. ಮಗಳಿಗೆ ಲಸಿಕೆಗಳೆಲ್ಲ ಅಲ್ಲೇ ಆಗಿದ್ದವು. ಮಾವನ ಬಿಪಿ ಮಾತ್ರೆ ಪ್ರತಿ ತಿಂಗಳು ಅಲ್ಲಿಂದಲೇ ಬರುತ್ತಿತ್ತು. ಆದರೆ ಹೋದ ಭಾನುವಾರದ ಊಟದಲ್ಲಿ ಅದರ ಹೆಸರು ಯಾರ ಬಾಯಲ್ಲೂ ಬಂದಿರಲಿಲ್ಲ. ಸೂಜಿ ಮಾವನದು, ಸೊಪ್ಪು ಅ‌ತ್ತೆಯದು, ಊರಿಗಾಂ ತನ್ನದು. ಆ ಆಸ್ಪತ್ರೆ ಯಾರ ಕಡೆಯದೂ ಆಗಿರಲಿಲ್ಲ.

ಸೋಮವಾರ ಅವಳು ರಜೆ ಹಾಕಿದಳು. ಆಸ್ಪತ್ರೆಯ ಡಾಕ್ಟರು ಗಾಯ ನೋಡಿ, ಕಾಲಿನ ಮೇಲೆ ಕೆಂಪು ಎಲ್ಲಿಯವರೆಗಿದೆ ಎಂದು ನೋಡಿ, ಜ್ವರ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಐದು ದಿನಕ್ಕೆ ಸಿರಪ್ ಬರೆದರು. ನರ್ಸ್ ನವ್ಯ ಗಾಯ ತೊಳೆದಳು. ಸೊಪ್ಪಿನ ಚೂರು, ಮುಲಾಮಿನ ಜಿಡ್ಡು, ಪುಡಿಯ ಕೆನೆ ಒಂದೊಂದಾಗಿ ಬಂದವು. ಲಿಖಿತ ಅಮ್ಮನ ಕೈ ಕಚ್ಚಿದಳು, ಆದರೆ ಕಾಲು ಎಳೆಯಲಿಲ್ಲ. ಕೊನೆಯಲ್ಲಿ ಕೆಳಗೆ ಉಳಿದದ್ದು ಬರೀ ಒಂದು ಕೆಂಪು ಗಾಯ, ಮೊದಲಿಗಿಂತ ತುಸುವೇ ದೊಡ್ಡದು.

"ದಿನ ಬಿಟ್ಟು ದಿನ ಬರಬೇಕು. ಸೋಮವಾರ, ಬುಧವಾರ, ಶುಕ್ರವಾರ," ಎಂದಳು ನವ್ಯ. "ನಡುವೆ ಮನೇಲಿ ಯಾರೂ ಬಿಚ್ಚಬಾರದು. ಒದ್ದೆ ಆದರೆ ಮಾತ್ರ, ಕೈ ತೊಳೆದು, ಕಾಯಿಸಿ ಆರಿಸಿದ ನೀರಲ್ಲಿ ತೊಳೆದು, ಈ ಬಟ್ಟೆ ಇಟ್ಟು ಟೇಪ್ ಹಾಕಿ. ಚೀಟಿಗೆ ಒಂದು ಹೆಸರು ಕೊಡಿ. ಮನೇಲಿ ನೋಡಿಕೊಳ್ಳೋರು ಯಾರು?"

"ನಾನೇ. ಸುಮಿತಾ."

ನವ್ಯ ಬರೆದಳು. ಒಂದು ಸಣ್ಣ ಪೊಟ್ಟಣದಲ್ಲಿ ಬಟ್ಟೆ, ಟೇಪು ಕೊಟ್ಟಳು. ಸುಮಿತಾ ಎದ್ದವಳು ಮತ್ತೆ ಕೂತಳು. ಆಸ್ಪತ್ರೆ ತೆರೆಯುವುದು ಒಂಬತ್ತಕ್ಕೆ. ವ್ಯಾನು ಬರುವುದು ಏಳೂವರೆಗೆ. ಬುಧವಾರ ಮಗಳನ್ನು ಇಲ್ಲಿಗೆ ತರಬೇಕಾದವಳು ಅತ್ತೆ. ದಿನವೆಲ್ಲ ಮಗಳ ಜೊತೆ ಇರುವವಳೂ ಅತ್ತೆ.

"ಸಿಸ್ಟರ್, ಬಟ್ಟೆ ಮೇಲೆ, ಟೇಪ್ ಮೇಲೆ ಹಾಯೋ ಹಾಗೆ ಪೆನ್ನಲ್ಲಿ ಒಂದು ಗೀಟು ಎಳೀತೀರಾ? ಯಾರಾದ್ರೂ ಬಿಚ್ಚಿದ್ರೆ ಗೊತ್ತಾಗ್ಲಿ."

ನವ್ಯ ಅವಳ ಮುಖ ನೋಡಿ, ನೀಲಿ ಪೆನ್ನಿನಲ್ಲಿ ಉದ್ದಕ್ಕೆ ಒಂದು ಗೀಟು ಎಳೆದಳು.

ಮನೆಯಲ್ಲಿ ಅನಸೂಯಮ್ಮ ಮೊಮ್ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಓದು ಬರಹ ಬಾರದವಳಿಗೆ ಆ ಗೀಟು ಚೆನ್ನಾಗಿಯೇ ಅರ್ಥವಾಯಿತು.

"ಇದು ನನಗಾ?"

"ಯಾರಿಗೂ ಅಂತಲ್ಲ ಅತ್ತೆ. ಎಲ್ಲರಿಗೂ."

"ನಿಮ್ಮಾವ ಬೆಳಿಗ್ಗೆ ಕೊಟ್ಟಿಗೇಲಿರ್ತಾನೆ. ನಿನ್ನ ಗಂಡ ಟ್ರೈನಲ್ಲಿರ್ತಾನೆ. ಮನೇಲಿರೋಳು ನಾನು. ನನ್ನ ಮೊಮ್ಮಗಳ ಕಾಲಿಗೆ ನನ್ನ ಮನೇಲೇ ಮುದ್ರೆ ಆಕಿಸ್ಕೊಂಡು ಬಂದಿದೀಯ."

"ಬುಧವಾರ ನೀವೇ ಕರ್ಕೊಂಡು ಹೋಗ್ಬೇಕು ಅತ್ತೆ. ನನಗೆ ಮತ್ತೆ ರಜ ಕೊಡಲ್ಲ."

"ನಂಬಿಕೆ ಇಲ್ಲ, ಕೆಲಸ ಮಾತ್ರ ಬೇಕು."

"ಸಿಸ್ಟರ್ ಏನು ಬೇಕಾದ್ರೂ ತಿನ್ನಿಸಿ ಅಂದ್ರು. ಮೊಟ್ಟೆ ಕೊಡಿ ಅಂದ್ರು. ಪಥ್ಯ ಬೇಡ್ವಂತೆ."

"ಗಾಯ ನಿಂದು ಅಂತ ಬರೆಸ್ಕೊಂಡಲ್ಲ, ನೋಡ್ಕೊ," ಎಂದು ಅನಸೂಯಮ್ಮ ಎದ್ದಳು. "ಒಲೆ ನಂದು. ಗಾಯದ ಅಕ್ಕಳೆ ಉದುರೋವರೆಗೂ ಒಗ್ಗರಣೆ ಇಲ್ಲ."

ಮೂಲೆಯ ಮೂಟೆಯ ಪಕ್ಕ ಕೂತಿದ್ದ ಮುನಿನಾರಾಯಣಪ್ಪ, "ಇಬ್ರೂ ಸೇರಿ ನನ್ನ ಸಾಯಿಸ್ತೀರಿ," ಎಂದ.

ಬುಧವಾರ ಅನಸೂಯಮ್ಮ ಮೊಮ್ಮಗಳನ್ನು ಕರೆದುಕೊಂಡು ಹೋಗಿ ಬಂದಳು. ಶುಕ್ರವಾರವೂ ಹೋದಳು. ನವ್ಯ ಪ್ರತಿ ಸಲ ಹೊಸ ಬಟ್ಟೆಯ ಮೇಲೂ ಗೀಟು ಎಳೆದು ಕಳಿಸಿದಳು. ಸಂಜೆ ಸುಮಿತಾ ವ್ಯಾನಿನಿಂದ ಇಳಿದವಳು ಮೊದಲು ಮಾಡುತ್ತಿದ್ದ ಕೆಲಸ ಮಗಳ ಲಂಗ ಸರಿಸಿ ನೀಲಿ ಗೀಟು ನೋಡುವುದು. ಗೀಟು ಕೂಡಿಯೇ ಇರುತ್ತಿತ್ತು. ಅನಸೂಯಮ್ಮ ಅದನ್ನು ನೋಡಿಯೂ ನೋಡದವಳ ಹಾಗೆ ಅಕ್ಕಿ ಆರಿಸುತ್ತಿದ್ದಳು. ಅತ್ತೆ ಸೊಸೆ ನಡುವೆ ಮಾತು "ಹಾಲು ಕಾಯ್ಸಿದೆಯಾ", "ಹೂಂ" ಎಂಬಲ್ಲಿಗೆ ಬಂದಿತ್ತು. ಗಿರಿ ಇಬ್ಬರಿಗೂ ಬೇರೆ ಬೇರೆಯಾಗಿ "ನೀನೇ ಸ್ವಲ್ಪ ಸಮಾಧಾನ ಮಾಡ್ಕೊ" ಎಂದು ಹೇಳಿ ಇಬ್ಬರಿಂದಲೂ ಬೈಸಿಕೊಂಡ.

ಶನಿವಾರ ಗಾರ್ಮೆಂಟ್ಸಿನಲ್ಲಿ ಓವರ್‌ಟೈಮ್ ಇತ್ತು. ಸುಮಿತಾ ಮನೆ ಮುಟ್ಟಿದಾಗ ದೀಪ ಹಚ್ಚಿ ಆಗಿತ್ತು. ಮಗಳ ಲಂಗ ಸರಿಸಿದಳು. ಬಟ್ಟೆ ಹೊಸದು. ಟೇಪಿನ ಮೇಲೆ ಹಾಯ್ದು ಹೋಗಿದ್ದ ಗೀಟು ನೀಲಿಯಲ್ಲ, ಹಸಿರು. ಸೊಟ್ಟಗೆ, ದಪ್ಪಗೆ, ಒಂದು ಕಡೆ ಚರ್ಮದ ಮೇಲೂ ಹರಿದಿತ್ತು.

ಅವಳು ಕೇಳುವ ಮೊದಲೇ ಅಡುಗೆಮನೆಯಿಂದ ದನಿ ಬಂತು.

"ನಾನೇ ಬಿಚ್ಚಿದ್ದು. ಕಲಗಚ್ಚಿನ ತೊಟ್ಟಿಗೆ ಕಾಲು ಬಿಟ್ಟಳು ನಿನ್ನ ಮಗಳು. ಓಡಿದೆ, ಆಸ್ಪತ್ರೆ ಬಾಗಿಲು ಆಕಿತ್ತು. ನೀರು ಕಾಯಿಸಿ ಆರಿಸಿ ತೊಳೆದೆ. ಆ ಉಡುಗಿ ಎರಡು ದಿನ ತೊಳೆಯೋದು ನೋಡಿದೀನಿ, ಅಂಗೇ ತೊಳೆದೆ. ನಿನ್ನ ಬೀರು ತೆಗೆದು ಪೊಟ್ಟಣ ತಗೊಂಡೆ. ಅದಕ್ಕೂ ಬೈಬೇಕಾದ್ರೆ ಬೈಯಿ."

"ಗೀಟು?"

"ಸ್ಕೆಚ್ ಪೆನ್ನು ಮಗೀದು. ಗೀಟು ನಂದು."

ಸುಮಿತಾ ಮಗಳ ಕಾಲನ್ನು ಎತ್ತಿ ಮೂಗಿನ ಹತ್ತಿರ ತಂದಳು. ತಂದ ಮೇಲೆ ಅತ್ತೆ ಬಾಗಿಲಲ್ಲಿ ನಿಂತಿರುವುದು ಕಂಡಿತು.

"ಮೂಸು, ಮೂಸು," ಎಂದಳು ಅನಸೂಯಮ್ಮ. "ಬೇಕಾದ್ರೆ ಬಿಚ್ಚಿನೂ ನೋಡು."

ಸುಮಿತಾ ಕಾಲು ಕೆಳಗಿಟ್ಟಳು.

ಮಾರನೆಯ ದಿನ ಭಾನುವಾರ. ಅವಳು ಇಡೀ ದಿನ ಮನೆಯಲ್ಲಿದ್ದಳು. ಮಗಳಿಗೆ ಸ್ನಾನ ಮಾಡಿಸುವಾಗ ಕಾಲಿಗೆ ಪ್ಲಾಸ್ಟಿಕ್ ಕವರು ಸುತ್ತಿದಳು. ಬಟ್ಟೆ ಒಗೆದಳು, ಕೊಟ್ಟಿಗೆ ತೊಳೆದಳು, ಮಧ್ಯಾಹ್ನ ಮಗಳು ಮಲಗಿದಾಗ ಪಕ್ಕದಲ್ಲಿ ಕೂತಳು. ಹಸಿರು ಗೀಟಿನ ಒಂದು ತುದಿಯಲ್ಲಿ ಟೇಪು ತುಸು ಎದ್ದಿತ್ತು. ಉಗುರು ಹಾಕಿದರೆ ಬರುತ್ತಿತ್ತು. ಒಳಗೆ ಸೊಪ್ಪು ಇದೆಯೋ ಇಲ್ಲವೋ ಒಂದು ಕ್ಷಣದಲ್ಲಿ ಗೊತ್ತಾಗುತ್ತಿತ್ತು. ಅವಳು ಹೆಬ್ಬೆರಳಿನಿಂದ ಟೇಪನ್ನು ಒತ್ತಿ ಕೂರಿಸಿ, ಎದ್ದು ಹೋಗಿ ರಾಗಿ ಹಿಟ್ಟು ಜರಡಿ ಹಿಡಿದಳು.

ಸೋಮವಾರ ಕಾಲರ್‌ಗಳನ್ನು ಹೊಲಿಯುವಾಗ ಎರಡು ಸಲ ತಪ್ಪಿ ಬಿಚ್ಚಬೇಕಾಯಿತು. ಸಂಜೆ ವ್ಯಾನು ಇಳಿದಾಗ ಲಿಖಿತ ಬಾಗಿಲಲ್ಲೇ ಇದ್ದಳು. ಕಾಲಿಗೆ ಈಗ ಚಿಕ್ಕ ಪ್ಲಾಸ್ಟರ್ ಅಷ್ಟೇ. ಯಾವ ಗೀಟೂ ಇರಲಿಲ್ಲ.

"ಸಿಸ್ಟರ್ ಏನಂದ್ರು?"

"ಒಣಗ್ತಾ ಇದೆ ಅಂದ್ರು. ಬುಧವಾರ ಲಾಸ್ಟ್ ಅಂದ್ರು. ಇದಕ್ಕೆ ಗೀಟು ಬೇಡ, ಚಿಕ್ಕದು ಅಂದ್ರು."

"ಶನಿವಾರ ಕಟ್ಟಿದ್ದು ನೋಡಿ?"

"ತುಂಬ ಚೆನ್ನಾಗಿ ಕ್ಲೀನ್ ಮಾಡಿದಾರೆ, ಯಾರು ಕಟ್ಟಿದ್ದು ಅಂತ ಕೇಳಿದ್ರು. ಅಜ್ಜಿ, 'ಇವಳಮ್ಮ' ಅಂದ್ಳು."

"ನೀನೇನಂದೆ?"

"ನಾನೇನೂ ಅನ್ನಲಿಲ್ಲ."

"ಅಜ್ಜಿ ಹೇಳ್ಬೇಡ ಅಂದಿದ್ರಾ?"

"ಇಲ್ಲಮ್ಮ. ಅಜ್ಜಿ ಏನೂ ಅಂದಿರ್ಲಿಲ್ಲ."

ಸುಮಿತಾ ಬ್ಯಾಗು ತೆಗೆಯದೆ ಅಡುಗೆಮನೆಗೆ ಹೋದಳು. ಅನಸೂಯಮ್ಮ ಮುದ್ದೆಯ ಎಸರಿಗೆ ಹಿಟ್ಟು ಬಿಟ್ಟು, ಕೋಲು ಹಿಡಿದು ನಿಂತಿದ್ದಳು.

"ಅತ್ತೆ, ನನ್ನ ಹೆಸರು ಯಾಕೆ ಹೇಳಿದ್ರಿ?"

"ಚೀಟಿಲಿ ನಿನ್ನ ಎಸರು ತಾನೇ ಇರೋದು. ಬೇರೆಯೋರು ಬಿಚ್ಚಿದ್ರು ಅಂದ್ರೆ ಆ ಉಡುಗಿ ಬೈಯೋದು ಯಾರನ್ನ? ತಾಯಿ ಎಲ್ಲೋಗಿದ್ಲು ಅಂತಾಳೆ. ಎಲ್ರ ಮುಂದೆ ನಿನ್ನ ಬೈಸಿ ನನಗೇನು ಬರ್ಬೇಕು."

"ಅವರು ಚೆನ್ನಾಗಿ ಕಟ್ಟಿದಾರೆ ಅಂದ್ರಂತೆ."

"ಅಂದ್ಳು. ಆಗ ನನ್ನೆಸರು ಏಳ್ಬೋದಿತ್ತು ಅಂತ ಆಮೇಲೆ ಅನ್ನಿಸ್ತು. ಅಷ್ಟೊತ್ತಿಗೆ ಬಾಯಿಂದ ಬಂದಾಗಿತ್ತು."

ಅನಸೂಯಮ್ಮ ಕೋಲು ತಿರುವಿದಳು. ಪಾತ್ರೆ ಜಾರಿತು. ಸುಮಿತಾ ಬ್ಯಾಗು ಕೆಳಗಿಟ್ಟು ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು ಪಾತ್ರೆ ಹಿಡಿದಳು. ಒಬ್ಬಳು ಹಿಡಿದಳು, ಒಬ್ಬಳು ತಿರುವಿದಳು. ಹಿಟ್ಟು ಗಂಟಿಲ್ಲದೆ ಕೂಡಿಕೊಂಡಿತು.

"ಬುಧವಾರ ಅರ್ಧ ದಿನ ರಜ ಹಾಕ್ತೀನಿ," ಎಂದಳು ಸುಮಿತಾ.

"ಯಾಕೆ? ಕರ್ಕೊಂಡೋಗೋಳು ನಾನಿದೀನಲ್ಲ."

"ನೀವೇ ಕರ್ಕೊಂಡು ಹೋಗಿ. ನಾನು ಜೊತೆಗೆ ಬರ್ತೀನಿ. ಕಟ್ಟಿದ್ದು ಯಾರು ಅಂತ ಸಿಸ್ಟರಿಗೆ ಹೇಳ್ಬೇಕಲ್ಲ."

"ಅಷ್ಟು ಏಳೋಕೆ ಅರ್ಧ ದಿನದ ಸಂಬಳ ಕಳ್ಕೋತೀಯಾ?"

"ಹೂಂ."

"ಬುದ್ಧಿ ಇಲ್ಲ ನಿನಗೆ," ಎಂದಳು ಅನಸೂಯಮ್ಮ. ಕೋಲಿಗೆ ಅಂಟಿದ ಹಿಟ್ಟನ್ನು ಬೆರಳಿನಿಂದ ಸವರಿ ಪಾತ್ರೆಗೆ ಹಾಕಿದಳು. ಆಮೇಲೆ ಹೇಳಿದಳು, "ಅಂಗಾದ್ರೆ ಎಂಟೂವರೆಗೇ ಒರಡಣ. ಲೇಟಾದ್ರೆ ಬಿಪಿ ಮಾತ್ರೆಯೋರ ಸಾಲು ಬಾಗಿಲ ತನಕ ಬಂದಿರ್ತದೆ."